ಬೆಟ್ಟದ ಜೀವದಿಂದ ಚಂದ್ರಗಿರಿಯ ತೀರದವರೆಗೆ: ನಮ್ಮ ಕರಾವಳಿಯ ಕಾದಂಬರಿಗಳಲ್ಲಿ ಪೌರುಷದ ಕಲ್ಪನೆ

ಕುಂಬಳೆಯ ಪಾರ್ತಿಸುಬ್ಬನ ನೆರೆಯಲ್ಲಿ ಹುಟ್ಟಿ ಬೆಳೆದ ನಮಗೆ ಯಕ್ಷಗಾನವನ್ನು 'ಗಂಡುಕಲೆ' ಎಂದು ಕರೆಯುವುದು ಬಾಯಿಗೆ ಹತ್ತಿದ ಅಭ್ಯಾಸ. ಚೆಂಡೆಯ ಪೆಟ್ಟು, ಕಿರೀಟದ ಭಾರ, ರಾಕ್ಷಸ ವೇಷದ ಅಟ್ಟಹಾಸ ಇವುಗಳನ್ನು ಕಂಡವರು ಆ ಹೆಸರನ್ನು ಪ್ರಶ್ನಿಸಲಾರರು. ಆದರೆ ಅದೇ ರಂಗಸ್ಥಳದಲ್ಲಿ ಬಹುಕಾಲದ ತನಕ ದಮಯಂತಿಯಾಗಿ, ಚಂದ್ರಮತಿಯಾಗಿ ನಿಂತು, ಬೆಳಗಿನ ಜಾವದ ವರೆಗೆ ಪ್ರೇಕ್ಷಕರ ಕಣ್ಣಲ್ಲಿ ನೀರು ತರಿಸಿದವರು ಗಂಡಸರೇ. ಹಗಲು ಗದ್ದೆಯಲ್ಲಿ ಉತ್ತು ಬಂದವನು ಇರುಳು ಸೀರೆಯುಟ್ಟು ಅತ್ತರೆ ಅವನ ಗಂಡಸುತನಕ್ಕೆ ಕುಂದು ಬಂತೆಂದು ಊರ ಹಿರಿಯರು ಯಾರೂ ಆಡಿದ್ದನ್ನು ನಾನು ಕೇಳಿಲ್ಲ. ಹಾಗಾದರೆ ಗಂಡಸುತನವೆಂಬುದು ದೇಹದೊಂದಿಗೇ ಬರುವ ಸ್ಥಿರವಸ್ತುವೋ, ಅಥವಾ ಕಾಲ, ದೇಶ, ಮನೆತನದ ಕಟ್ಟಳೆಗಳು ಹೇಳಿದಂತೆ ತೊಟ್ಟುಕೊಳ್ಳುವ ಒಂದು ವೇಷವೋ ಎಂಬ ಪ್ರಶ್ನೆ ನಮ್ಮ ಜನಕ್ಕೆ ಹೊಸದೇನೂ ಅಲ್ಲ. ಆ ಪ್ರಶ್ನೆಯನ್ನು ನಮ್ಮ ಕಾದಂಬರಿಗಳಿಗೆ ಹಾಕಿ ನೋಡುವುದು ಈ ಲೇಖನದ ಉದ್ದೇಶ.

ಮೊದಲು ಶಬ್ದವನ್ನೇ ವಿಚಾರಿಸೋಣ. ಈಗಿನ ಕನ್ನಡದಲ್ಲಿ 'ಗಂಡ' ಎಂದರೆ ಪತಿ. ಹಳಗನ್ನಡದಲ್ಲಿ ಅದೇ ಶಬ್ದಕ್ಕೆ ಶೂರ, ಎದುರಾಳಿಯನ್ನು ಅಡಗಿಸುವವನು ಎಂಬ ಅರ್ಥವೂ ಉಂಟು. ವಿಜಯನಗರದ ಅರಸರ ಶಾಸನಗಳಲ್ಲಿ 'ಮೂರು ರಾಯರ ಗಂಡ', 'ಭಾಷೆಗೆ ತಪ್ಪುವ ರಾಯರ ಗಂಡ' ಎಂಬ ಬಿರುದುಗಳು ಮತ್ತೆ ಮತ್ತೆ ಬರುತ್ತವೆ. ಕೊಟ್ಟ ಮಾತಿಗೆ ತಪ್ಪಿದ ರಾಜರನ್ನು ದಂಡಿಸುವವನು ಎಂದು ಎರಡನೆಯದರ ತಾತ್ಪರ್ಯ. ಮನೆಯಲ್ಲಿ ಹೆಂಡತಿಗೆ ಗಂಡನಾದವನೂ ರಣದಲ್ಲಿ ವೈರಿಗೆ ಗಂಡನಾದವನೂ ಒಂದೇ ಶಬ್ದದ ನೆರಳಿನಲ್ಲಿ ನಿಂತಿದ್ದಾರೆ. ಅಡಗಿಸುವುದು, ಮಾತನ್ನು ಉಳಿಸಿಕೊಳ್ಳುವುದು, ಈ ಎರಡೂ ಗಂಡನ ಲಕ್ಷಣಗಳು. ಇವೆರಡೂ ಒಂದಕ್ಕೊಂದು ಹೊಂದಿಕೊಂಡಿರುವಷ್ಟು ಕಾಲ ಕಾದಂಬರಿಕಾರನಿಗೆ ಅಲ್ಲಿ ಕೆಲಸವಿಲ್ಲ. ಹೊಂದದೆ ಹೋದಾಗ ಕಥೆ ಹುಟ್ಟುತ್ತದೆ.

ಎರಡನೆಯ ಮಹಾಯುದ್ಧದ ಅನಂತರದ ಬ್ರಿಟಿಷ್ ಕಾದಂಬರಿಯಲ್ಲಿ ಪೌರುಷದ ಕಲ್ಪನೆ ಹೇಗೆ ಮಾರ್ಪಟ್ಟಿತೆಂಬುದನ್ನು ಕುರಿತು ಆ ದೇಶದ ವಿಮರ್ಶಕರು ಬಹಳ ಬರೆದಿದ್ದಾರೆ. ನಮ್ಮಲ್ಲಿ ಇಂಥ ಚರ್ಚೆ ಬಂದಾಗಲೆಲ್ಲ, ನವ್ಯ ಸಾಹಿತ್ಯ ಬಂದ ಮೇಲೆ ಕನ್ನಡ ಕಾದಂಬರಿಯ ನಾಯಕ ಬದಲಾದನೆಂದೂ, ಧೀರೋದಾತ್ತನು ಹೋಗಿ ಸಂಶಯಾತ್ಮನು ಬಂದನೆಂದೂ ಹೇಳಿ ಮುಗಿಸುವುದು ವಾಡಿಕೆ. ಈ ಮಾತು ಅರ್ಧ ನಿಜ. ನವ್ಯದ ನಾಯಕ ತನ್ನ ಗಂಡಸುತನವನ್ನು ಸಂಶಯಿಸಿದ್ದು ಹೌದು. ಆದರೆ ಹಾಗೆ ಸಂಶಯಿಸುತ್ತಲೇ ನಡುಮನೆಯ ಮಣೆಯ ಮೇಲೆ ಕೂತುಕೊಂಡಿದ್ದ. ಅವನನ್ನು ಆ ಮಣೆಯಿಂದ ಎಬ್ಬಿಸಿ, ಒಳಗಿನ ಕೋಣೆಯಿಂದ ಅವನು ಹೇಗೆ ಕಾಣುತ್ತಾನೆಂದು ತೋರಿಸಿದವರು ನಮ್ಮ ಕಾಸರಗೋಡಿನ ಒಬ್ಬ ಲೇಖಕಿ. ಇದು ನನ್ನ ಅಭಿಪ್ರಾಯ. ಇದಕ್ಕೆ ಆಧಾರಗಳನ್ನು ಮುಂದೆ ಕೊಡುತ್ತೇನೆ.

ಬ್ರಿಟನ್ನಿನ ಪರಿಸ್ಥಿತಿಯನ್ನು ಸಂಕ್ಷೇಪವಾಗಿ ನೋಡಿಕೊಂಡು ನಮ್ಮ ಊರಿಗೆ ಬರೋಣ. 1945ರಲ್ಲಿ ಅಲ್ಲಿನ ಗಂಡಸು ಯುದ್ಧ ಗೆದ್ದು ಮನೆಗೆ ಬಂದ. ಗೆದ್ದು ಬಂದವನ ಕೈಗೆ ಸಿಕ್ಕಿದ್ದು ಪಡಿತರದ ಚೀಟಿ. ಆಹಾರದ ಪಡಿತರ ಅಲ್ಲಿ ಪೂರ್ತಿಯಾಗಿ ನಿಂತದ್ದು 1954ರಲ್ಲಿ. 1947ರಲ್ಲಿ ಭಾರತ ಕೈಬಿಟ್ಟಿತು. 1956ರಲ್ಲಿ ಸುಯೆಜ್ ಕಾಲುವೆಯ ಪ್ರಕರಣದಲ್ಲಿ ಮಾನವೂ ಹೋಯಿತು. ತರುಣರ ಕಡ್ಡಾಯ ಸೈನ್ಯಸೇವೆ 1963ರ ಹೊತ್ತಿಗೆ ಸಂಪೂರ್ಣವಾಗಿ ಮುಗಿಯಿತು. ಇನ್ನೊಂದು ಕಡೆಯಿಂದ, 1944ರ ಶಿಕ್ಷಣ ಶಾಸನದ ದೆಸೆಯಿಂದ ಪ್ರೌಢಶಿಕ್ಷಣವು ಶುಲ್ಕವಿಲ್ಲದೆ ದೊರೆತು, ಕಾರ್ಮಿಕರ ಮಕ್ಕಳು ಒಳ್ಳೆಯ ಶಾಲೆಗಳಿಗೂ ವಿಶ್ವವಿದ್ಯಾನಿಲಯಗಳಿಗೂ ಹೋದರು. ಆಳುವ ಸಾಮ್ರಾಜ್ಯವಿಲ್ಲ, ಹೋರಾಡುವ ಯುದ್ಧವಿಲ್ಲ. ಕಲಿತ ವಿದ್ಯೆ ಅಪ್ಪನ ಮನೆಯಲ್ಲಿ ಸಲ್ಲುವುದಿಲ್ಲ, ದೊಡ್ಡವರ ಮನೆಯಲ್ಲಿ ಅಪ್ಪನ ಹೆಸರು ಸಲ್ಲುವುದಿಲ್ಲ. ಈ ಇಕ್ಕಟ್ಟಿನಿಂದ ಹೊರಟವರನ್ನು 'ಸಿಟ್ಟಿನ ತರುಣರು' ಎಂದು ಪತ್ರಿಕೆಗಳು ಕರೆದವು.

ಕಿಂಗ್ಸ್ಲಿ ಏಮಿಸ್ ಅವರ 'ಲಕ್ಕಿ ಜಿಮ್' (1954) ಕಾದಂಬರಿಯ ಜಿಮ್ ಡಿಕ್ಸನ್ ಕಾಲೇಜಿನ ಅಧ್ಯಾಪಕ. ಮೇಲಧಿಕಾರಿಯ ಎದುರು ನಿಂತು ಎರಡು ಮಾತಾಡಲಾರದೆ ಅವನು ಮರೆಯಲ್ಲಿ ಮುಖ ಕಿವುಚುತ್ತಾನೆ. ನೌಕರಿಯಲ್ಲಿರುವವರಿಗೆಲ್ಲ ಈ ವಿದ್ಯೆ ಗೊತ್ತಿರುವುದರಿಂದ ಪುಸ್ತಕ ಇಂದಿಗೂ ನಗೆ ತರಿಸುತ್ತದೆ. ಜಾನ್ ಬ್ರೇನ್ ಅವರ 'ರೂಮ್ ಅಟ್ ದಿ ಟಾಪ್' (1957) ಕಾದಂಬರಿಯ ಜೋ ಲ್ಯಾಂಪ್ಟನ್ ತಾನು ಪ್ರೀತಿಸಿದ ಆಲಿಸಳನ್ನು ಬಿಟ್ಟು ಸಿರಿವಂತನ ಮಗಳನ್ನು ಕಟ್ಟಿಕೊಂಡು ಮೇಲೇರುತ್ತಾನೆ, ಆಲಿಸ್ ಸಾಯುತ್ತಾಳೆ. ಆಲನ್ ಸಿಲಿಟೋ ಅವರ 'ಸ್ಯಾಟರ್ಡೇ ನೈಟ್ ಅಂಡ್ ಸಂಡೇ ಮಾರ್ನಿಂಗ್' (1958) ಕಾದಂಬರಿಯಲ್ಲಿ ನಾಟಿಂಗ್‌ಹ್ಯಾಮಿನ ಸೈಕಲ್ ಕಾರ್ಖಾನೆಯ ಆರ್ಥರ್ ಸೀಟನ್ ವಾರವೆಲ್ಲ ಯಂತ್ರದ ಮುಂದೆ ದುಡಿದು ಶನಿವಾರ ಕುಡಿಯುತ್ತಾನೆ. ಅವನ ಶನಿವಾರದ ಬೆಲೆಯನ್ನು ಬ್ರೆಂಡಾ ಎಂಬ ಪರರ ಹೆಂಡತಿ ತನ್ನ ದೇಹದಲ್ಲಿ ತೆರುತ್ತಾಳೆ. ಇವರೆಲ್ಲರೂ ಹಳೆಯ ಕಾಲದ ಗಂಭೀರ ಸಭ್ಯಸ್ಥನ ಮಾದರಿಯನ್ನು ಒಡೆದವರೆಂಬುದರಲ್ಲಿ ಸಂದೇಹವಿಲ್ಲ. ಆದರೆ ಅವರ ಸಿಟ್ಟು ಮೇಲಿನವರ ಮೇಲೆ. ಅದರ ಭಾರ ಬಿದ್ದದ್ದು ಹೆಂಗಸರ ಮೇಲೆ. ಇದೇ ವರ್ಷಗಳಲ್ಲಿ ಇಯಾನ್ ಫ್ಲೆಮಿಂಗ್ 1953ರಲ್ಲಿ ಸೃಷ್ಟಿಸಿದ ಜೇಮ್ಸ್ ಬಾಂಡ್ ಎಂಬ ಗೂಢಚಾರನು ಹೋದ ಸಾಮ್ರಾಜ್ಯವನ್ನು ಕಾಗದದ ಮೇಲೆ ಉಳಿಸಿಕೊಡುತ್ತಿದ್ದ. ಅವನ ವಿಚಾರ ಇಲ್ಲಿ ಹೆಚ್ಚು ಬೇಡ.

ಶಿಕ್ಷಕರಾದ ನಾವು ಓದಲೇಬೇಕಾದ ಒಂದು ಪುಸ್ತಕವೆಂದರೆ ಬ್ಯಾರಿ ಹೈನ್ಸ್ ಅವರ 'ಎ ಕೆಸ್ಟ್ರೆಲ್ ಫಾರ್ ಎ ನೇವ್' (1968). ಗಣಿಯೂರಿನ ಬಡ ಹುಡುಗ ಬಿಲ್ಲಿ ಒಂದು ಗಿಡುಗದ ಮರಿಯನ್ನು ಸಾಕಿ ಪಳಗಿಸುತ್ತಾನೆ. ಅವನ ಶಾಲೆಯ ವ್ಯಾಯಾಮ ಶಿಕ್ಷಕನು ಫುಟ್ಬಾಲ್ ಮೈದಾನದಲ್ಲಿ ಮಕ್ಕಳೊಡನೆ ತಾನೇ ಆಡಿ, ತಾನೇ ತೀರ್ಪುಗಾರನಾಗಿ, ತಾನೇ ಗೆಲ್ಲಬೇಕು. ಸೋತದ್ದಕ್ಕೆ ಬಿಲ್ಲಿಗೆ ತಣ್ಣೀರಿನ ಶಿಕ್ಷೆ. ಮುಖ್ಯೋಪಾಧ್ಯಾಯನ ಕೈಯಲ್ಲಿ ಬೆತ್ತ. ಹುಡುಗನನ್ನು ಗಂಡಸನ್ನಾಗಿ ಮಾಡುತ್ತೇವೆಂದು ಹೊರಟ ಶಾಲೆ ಅವನೊಳಗಿನ ಅತ್ಯಂತ ಮೃದುವೂ ಅತ್ಯಂತ ಸ್ಥಿರವೂ ಆದ ಗುಣವನ್ನು ನೋಡುವುದೇ ಇಲ್ಲ. ನೋಡುವವನು ಒಬ್ಬ ಅಧ್ಯಾಪಕ ಮಾತ್ರ. ಈ ಪುಟಗಳನ್ನು ಓದುವಾಗ ನನಗೆ ಕುರ್ಚಿಯಲ್ಲಿ ನೆಟ್ಟಗೆ ಕೂರಲಾಗಲಿಲ್ಲ. ಅದಕ್ಕೆ ಕಾರಣವನ್ನು ಮುಂದೆ ಹೇಳುತ್ತೇನೆ.

ಇನ್ನು ನಮ್ಮ ಕಡೆಗೆ. ಡಾ. ಶಿವರಾಮ ಕಾರಂತರ 'ಚೋಮನ ದುಡಿ' 1933ರದು, ಯುದ್ಧಕ್ಕಿಂತ ಹಿಂದಿನದು. ಆದರೂ ಅದನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ಚೋಮನಿಗೆ ಗಂಡಸಾಗುವುದೆಂದರೆ ಒಂದು ತುಂಡು ನೆಲ ಹಿಡಿದು ತಾನೇ ಬೇಸಾಯಗಾರನಾಗುವುದು. ಅವನ ಜಾತಿಯವನಿಗೆ ಆ ಹಕ್ಕಿಲ್ಲವೆಂದು ಲೋಕ ಹೇಳಿತು. ಹೇಳಲಾಗದ ಸಿಟ್ಟನ್ನೆಲ್ಲ ಅವನು ದುಡಿಯ ಮೇಲೆ ಬಡಿದ. ಬಡಿಯುತ್ತಲೇ ಪ್ರಾಣ ಬಿಟ್ಟ. ದುಡಿಯ ಸದ್ದಿನಲ್ಲಿ ಓದುಗರು ಒಂದು ಸಂಗತಿಯನ್ನು ಮರೆಯುತ್ತಾರೆ: ಚೋಮನ ಸಾಲ ತೀರಲೆಂದು ಘಟ್ಟದ ತೋಟಕ್ಕೆ ದುಡಿಯಲು ಹೋದವಳು, ಅಲ್ಲಿ ತನ್ನನ್ನೇ ತೆತ್ತು ಬಂದವಳು ಮಗಳು ಬೆಳ್ಳಿ. ಅಪ್ಪನ ಆಸೆಯ ಬೆಲೆಯನ್ನು ಮಗಳು ತೆರುವ ಈ ಲೆಕ್ಕವನ್ನು ನೆನಪಿನಲ್ಲಿ ಇಟ್ಟುಕೊಳ್ಳಬೇಕು. ಐವತ್ತು ವರ್ಷಗಳ ಮೇಲೆ ಅದು ಇನ್ನೊಂದು ಹೊಳೆಯ ದಡದಲ್ಲಿ ಮತ್ತೆ ಬರುತ್ತದೆ.

ಕಾರಂತರ 'ಬೆಟ್ಟದ ಜೀವ' ಯುದ್ಧದ ನಡುವೆ, 1943ರಲ್ಲಿ ಬಂತು. ಸುಬ್ರಹ್ಮಣ್ಯದ ಸೀಮೆಯಲ್ಲಿ, ಕುಮಾರಪರ್ವತದ ಬುಡದಲ್ಲಿ, ಕಾಡು ಕಡಿದು ತೋಟ ಎಬ್ಬಿಸಿದ ಗೋಪಾಲಯ್ಯ ಅದರ ನಾಯಕ. ಆನೆ, ಹುಲಿ, ಮಳೆ, ಜ್ವರ ಇವೆಲ್ಲದರ ನಡುವೆ ಗದ್ದೆ ಮಾಡಿದ ಆತನಲ್ಲಿ ಹಳೆಯ ಶೌರ್ಯದ ಅಂಶವಿಲ್ಲವೆಂದಲ್ಲ. ಆದರೆ ಅವನು ಅಡಗಿಸಿದ್ದು ಕಾಡನ್ನು, ಮನುಷ್ಯರನ್ನಲ್ಲ. ಹೆಂಡತಿ ಶಂಕರಮ್ಮನನ್ನು ಅವನು ಹಾಸ್ಯದಿಂದ ಕಾಡುತ್ತಾನೆ. ದಾರಿ ತಪ್ಪಿ ಬಂದ ಅಪರಿಚಿತನಿಗೆ ಎಣ್ಣೆಸ್ನಾನ ಮಾಡಿಸಿ, ಊಟವಿಕ್ಕಿ, ಬಿಡದೆ ಕೂರಿಸಿಕೊಳ್ಳುತ್ತಾನೆ. ಮನೆ ಬಿಟ್ಟುಹೋದ ಮಗ ಶಂಭುವಿನ ಚಿಂತೆ ಆ ಮನೆಯ ಮೂಲೆಮೂಲೆಯಲ್ಲಿ ಉಂಟು. ಶಂಕರಮ್ಮ ಅದನ್ನು ಆಡಿ ಅಳುತ್ತಾಳೆ. ಗೋಪಾಲಯ್ಯ ಅದರ ಮೇಲೆ ಒಂದು ತಮಾಷೆಯ ಮಾತನ್ನು ಹೊದಿಸುತ್ತಾನೆ. ನಮ್ಮ ಹಳೆಯ ತಲೆಮಾರಿನ ಗಂಡಸರನ್ನು ಬಲ್ಲವರಿಗೆ ಇದು ಎಷ್ಟು ನಿಜವಾದ ಚಿತ್ರವೆಂದು ಬೇರೆ ಹೇಳಬೇಕಾಗಿಲ್ಲ. ಕಾರಂತರು ಇವನನ್ನು ಪ್ರೀತಿಯಿಂದ ಬರೆದಿದ್ದಾರೆ. ನಾನೂ ಪ್ರೀತಿಯಿಂದಲೇ ಓದಿದ್ದೇನೆ. ಆದರೆ ಮಗನು ಏಕೆ ಹೋದ? ಅಷ್ಟು ಗಟ್ಟಿಯಾದ, ಅಷ್ಟು ತುಂಬಿದ ಅಪ್ಪನ ಪಕ್ಕದಲ್ಲಿ ಒಬ್ಬ ಮಗನಿಗೆ ನಿಲ್ಲಲು ಜಾಗವಿತ್ತೇ? ಕಾದಂಬರಿ ಈ ಪ್ರಶ್ನೆಯ ಸುತ್ತ ನಡೆಯುತ್ತದೆ, ಒಳಗೆ ಕಾಲಿಡುವುದಿಲ್ಲ. ನನಗೆ ಅದರಲ್ಲಿ ಕಾಣುವ ಕೊರತೆ ಇದೊಂದೇ.

ಅದೇ 1943ನೆಯ ಇಸವಿಯಲ್ಲಿ, ಅದೇ ದಕ್ಷಿಣ ಕನ್ನಡ ಜಿಲ್ಲೆಯ ತೆಂಕಣ ತುದಿಯ ಕಯ್ಯೂರಿನ ನಾಲ್ವರನ್ನು ಕಣ್ಣೂರಿನ ಸೆರೆಮನೆಯಲ್ಲಿ ಗಲ್ಲಿಗೇರಿಸಿದರು. 1941ರ ಮಾರ್ಚಿಯಲ್ಲಿ ರೈತರ ಮೆರವಣಿಗೆಯ ಸಂದರ್ಭದಲ್ಲಿ ಸುಬ್ಬರಾಯನ್ ಎಂಬ ಪೊಲೀಸನು ತೇಜಸ್ವಿನಿ ಹೊಳೆಯಲ್ಲಿ ಸತ್ತ ಪ್ರಕರಣ ಅದು. ಮಠತ್ತಿಲ್ ಅಪ್ಪು, ಚಿರುಕಂಡನ್, ಕುಂಞಂಬು ನಾಯರ್, ಅಬೂಬಕ್ಕರ್ ಇವರು 1943ರ ಮಾರ್ಚ್ 29ರಂದು ಗಲ್ಲು ಕಂಡರು. ಐದನೆಯವನಾದ ಕೃಷ್ಣನ್ ನಾಯರನಿಗೆ ಪ್ರಾಯ ಸಾಲದೆಂದು ಮರಣದಂಡನೆ ತಪ್ಪಿತು. ಹುಡುಗನು ಎಲ್ಲಿ ಮುಗಿದು ಗಂಡಸು ಎಲ್ಲಿ ಪ್ರಾರಂಭವಾಗುತ್ತಾನೆಂಬುದನ್ನು ಕಾನೂನು ಒಂದು ಅಂಕೆಯಿಂದ ತೀರ್ಮಾನಿಸಿತು. ಜೀವವೂ ಮರಣವೂ ಆ ಅಂಕೆಯ ಆಚೆ ಈಚೆ.

ನೀಲೇಶ್ವರದ ಹೈಸ್ಕೂಲಿನಲ್ಲಿ ಓದಿದ್ದ ನಿರಂಜನರು ಈ ಘಟನೆಯನ್ನು 'ಚಿರಸ್ಮರಣೆ' (1955) ಎಂಬ ಕಾದಂಬರಿ ಮಾಡಿದರು. ಕಯ್ಯೂರಿನ ಕಥೆಯನ್ನು ಜಗತ್ತಿಗೆ ಹೇಳಿದ ಮೊದಲ ದೊಡ್ಡ ಕಾದಂಬರಿ ಕನ್ನಡದಲ್ಲಿ ಬಂತೆಂಬುದು ಗಡಿನಾಡಿನ ಕನ್ನಡಿಗರಾದ ನಾವು ಹೆಮ್ಮೆಪಡಬೇಕಾದ ವಿಷಯ. ಚಿರುಕಂಡ, ಅಪ್ಪು ಇಬ್ಬರೂ ಅದರಲ್ಲಿ ಮೊದಲು ಶಾಲೆಯ ಹುಡುಗರು. ಅವರ ಕಣ್ಣು ತೆರೆಸುವವರು ಮಾಸ್ತರರು. ಇಲ್ಲಿ ಗಂಡಸುತನ ಒಬ್ಬನ ಸೊತ್ತಲ್ಲ. ಅದು ಸಂಗಾತಿಗಳ ನಡುವೆ ಹುಟ್ಟುವುದು. ಜಮೀನ್ದಾರನ ಎದುರು ಬಾಗಿದ ಬೆನ್ನನ್ನು ನೆಟ್ಟಗೆ ಮಾಡುವುದು, ಹಿಡಿದ ಮಾತನ್ನು ಗಲ್ಲಿನ ತನಕ ಬಿಡದಿರುವುದು: 'ಭಾಷೆಗೆ ತಪ್ಪದ' ಎಂಬ ಹಳೆಯ ಬಿರುದನ್ನು ಅರಸರಿಂದ ಕಸಿದು ಗೇಣಿಯ ಒಕ್ಕಲಿಗೆ ಕೊಟ್ಟವರು ನಿರಂಜನರು. ಅಷ್ಟರ ಮಟ್ಟಿಗೆ ಇದೊಂದು ಕ್ರಾಂತಿ. ಆದರೆ ಮನೆಯೊಳಗಿನ ವ್ಯವಸ್ಥೆ ಆ ಕಾದಂಬರಿಯ ಅಂಚಿನಲ್ಲೇ ಉಳಿಯಿತು. ಜಮೀನ್ದಾರನ ಚಾವಡಿಯಲ್ಲಿ ನೆಟ್ಟಗಾದ ಬೆನ್ನು ತನ್ನ ಅಡಿಗೆಮನೆಯ ಬಾಗಿಲಲ್ಲಿ ಹೇಗೆ ನಿಂತೀತು ಎಂದು ಪ್ರಗತಿಶೀಲರು ಕೇಳಿದ್ದು ಕಡಿಮೆ.

ನಾನು ಅನೇಕ ವರ್ಷ ಮಕ್ಕಳಿಗೆ ಕಯ್ಯೂರಿನ ಕಥೆಯನ್ನು ಹೇಳಿದ್ದೇನೆ. ಹೇಳುವಾಗ ನನ್ನ ಸ್ವರವೂ ಏರುತ್ತಿತ್ತು. ಅದೇ ವರ್ಷಗಳಲ್ಲಿ, ಆಟದಲ್ಲಿ ಬಿದ್ದು ಮೊಣಕಾಲು ಒಡೆದುಕೊಂಡು ಅಳುವ ಹುಡುಗನಿಗೆ "ಹೆಣ್ಣಿನ ಹಾಗೆ ಅಳ್ತೀಯಲ್ಲೋ" ಎಂದು ಹೇಳಿ ಹುಡುಗಿಯರ ಎದುರು ನಿಲ್ಲಿಸಿದ್ದೂ ಉಂಟು. ಟ್ರೈನಿಂಗಿನಲ್ಲಿ ನಮಗೆ ಮನಶ್ಶಾಸ್ತ್ರ ಕಲಿಸಿದ್ದರು. ಈ ವಾಕ್ಯವನ್ನು ಆಡಬಾರದೆಂದು ಕಲಿಸಿರಲಿಲ್ಲ. ಹೈನ್ಸ್ ಅವರ ಪುಸ್ತಕವನ್ನು ಓದಿದಾಗ ನನಗೆ ನೆನಪಾದದ್ದು ಆ ಹುಡುಗ. ಅವನು ಈಗ ಕೊಲ್ಲಿಯಲ್ಲಿ ದುಡಿಯುತ್ತಾನೆ. ಅವನ ಮಗನು ನಮ್ಮ ಶಾಲೆಗೇ ಬರುತ್ತಾನೆ. ಅಪ್ಪನನ್ನು ಫೋನಿನ ಪರದೆಯಲ್ಲಿ ಕಂಡು ಬೆಳೆದವನು. ಮನೆಯ ಕಾಗದಪತ್ರ, ಸಾಲ, ಮದುವೆಮುಂಜಿಗಳ ಮಾತುಕತೆ, ಶಾಲೆಯ ಸಭೆ ಎಲ್ಲವೂ ತಾಯಿಯದು. ಅಪ್ಪನೆಂದರೆ ಆ ಹುಡುಗನ ಮನಸ್ಸಿನಲ್ಲಿ ಏನು ಮೂಡಿದ್ದೀತೆಂದು ನಾನು ಕೆಲವೊಮ್ಮೆ ಯೋಚಿಸುತ್ತೇನೆ. ಇರಲಿ, ವಿಷಯಕ್ಕೆ ಬರುತ್ತೇನೆ.

ನವ್ಯರ ಪೈಕಿ ಡಾ. ಯು. ಆರ್. ಅನಂತಮೂರ್ತಿಯವರ 'ಸಂಸ್ಕಾರ' (1965) ಒಂದನ್ನೇ ಎತ್ತಿಕೊಂಡರೆ ಸಾಕು. ಶಾಂತಿನಾಥ ದೇಸಾಯಿಯವರ 'ಮುಕ್ತಿ' (1961), ಲಂಕೇಶರ 'ಬಿರುಕು' (1967) ಇವುಗಳ ತರುಣರು ನಗರದ ಉಡುಪಿನಲ್ಲಿರುವ ಅದೇ ಬಳಗದವರು. 'ಸಂಸ್ಕಾರ'ವನ್ನು ಅನಂತಮೂರ್ತಿಯವರು ಬರೆದದ್ದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಸಂಶೋಧಕರಾಗಿದ್ದಾಗ. ಮೇಲೆ ಹೇಳಿದ ಸಿಟ್ಟಿನ ತರುಣರ ಸದ್ದು ಇನ್ನೂ ಆರದಿದ್ದ ಕಾಲ ಅದು. ಎರಡು ಸಾಹಿತ್ಯಗಳ ಸಂಬಂಧವನ್ನು ಇದರಿಂದ ಅತಿಯಾಗಿ ಊಹಿಸುವುದು ಬೇಡ. ಪ್ರಾಣೇಶಾಚಾರ್ಯರ ದೂರ್ವಾಸಪುರಕ್ಕೂ ನಾಟಿಂಗ್‌ಹ್ಯಾಮಿನ ಕಾರ್ಖಾನೆಗೂ ಯಾವ ನಂಟೂ ಇಲ್ಲ. ಆದರೂ ಒಂದು ವಿಷಯದಲ್ಲಿ ಅವು ಹತ್ತಿರ ಬರುತ್ತವೆ.

ಪ್ರಾಣೇಶಾಚಾರ್ಯರು ರೋಗಿಷ್ಠೆಯಾದ ಹೆಂಡತಿ ಭಾಗೀರಥಿಗೆ ಸ್ನಾನ ಮಾಡಿಸುತ್ತಾರೆ, ಗಂಜಿ ಕಾಯಿಸಿ ಕುಡಿಸುತ್ತಾರೆ. ಕನ್ನಡ ಕಾದಂಬರಿಯಲ್ಲಿ ಗಂಡನೊಬ್ಬ ಹೀಗೆ ಹೆಂಡತಿಯ ಆರೈಕೆ ಮಾಡುವ ಚಿತ್ರಗಳು ವಿರಳ. ಆದರೆ ಆ ಆರೈಕೆ ಅವರ ತಪಸ್ಸಿನ ಲೆಕ್ಕಕ್ಕೆ ಜಮೆಯಾಗುತ್ತದೆ. ಭಾಗೀರಥಿಗೆ ಅದು ಹೇಗೆನಿಸಿತೆಂದು ಪುಸ್ತಕದಲ್ಲಿ ಹೆಚ್ಚು ಮಾತಿಲ್ಲ. ಮುಂದೆ ಚಂದ್ರಿಯ ಸಂಗದಿಂದ ಆಚಾರ್ಯರೊಳಗಿನ ಕಟ್ಟು ಒಡೆಯುತ್ತದೆ. ಅವರು ಊರು ಬಿಟ್ಟು ನಡೆಯುತ್ತಾ ತಮ್ಮನ್ನು ತಾವು ಕೇಳಿಕೊಳ್ಳುವ ಪ್ರಶ್ನೆಗಳು ಪುಸ್ತಕದ ಉತ್ತರಾರ್ಧವನ್ನು ತುಂಬಿವೆ. ಇತ್ತ ಚಂದ್ರಿ? ಅಗ್ರಹಾರದ ವಿದ್ವಾಂಸರೆಲ್ಲ ಶಾಸ್ತ್ರ ನೋಡುತ್ತ ಕೂತಿದ್ದಾಗ, ಅವಳು ಮುಸಲ್ಮಾನನೊಬ್ಬನ ಸಹಾಯದಿಂದ ರಾತ್ರೋರಾತ್ರಿ ನಾರಣಪ್ಪನ ಶವವನ್ನು ಸುಡಿಸಿ ಕುಂದಾಪುರದ ದಾರಿ ಹಿಡಿಯುತ್ತಾಳೆ. ಕಾದಂಬರಿಯ ಮೂಲ ಸಮಸ್ಯೆಯನ್ನು ಪರಿಹರಿಸಿದವಳು ಅವಳು. ಪರಿಹರಿಸಿದ ಮೇಲೆ ಪುಸ್ತಕಕ್ಕೆ ಅವಳ ಅಗತ್ಯವಿಲ್ಲ. ಜೋ ಲ್ಯಾಂಪ್ಟನ್ನನಿಗೆ ಆಲಿಸ್ ಒಂದು ಮೆಟ್ಟಿಲಾದರೆ ಪ್ರಾಣೇಶಾಚಾರ್ಯರಿಗೆ ಚಂದ್ರಿ ಒಂದು ದ್ವಾರ. ಮೆಟ್ಟಿಲು ಮೇಲಕ್ಕೆ, ದ್ವಾರ ಒಳಕ್ಕೆ. ದಾಟುವವನು ಎರಡು ಕಡೆಯೂ ಗಂಡಸು. 'ಸಂಸ್ಕಾರ'ವು ಕನ್ನಡದ ಶ್ರೇಷ್ಠ ಕಾದಂಬರಿಗಳಲ್ಲಿ ಒಂದೆಂಬುದನ್ನು ಈ ಮಾತಿನಿಂದ ನಾನು ಅಲ್ಲಗಳೆಯುತ್ತಿಲ್ಲ.

ಇಲ್ಲಿ ಒಂದು ಆಕ್ಷೇಪ ಬರಬಹುದು: ತ್ರಿವೇಣಿಯವರಂಥ ಲೇಖಕಿಯರು ನವ್ಯಕ್ಕೆ ಮೊದಲೇ ಗಂಡನ ಬೇರೊಂದು ಮುಖವನ್ನು ತೋರಿಸಲಿಲ್ಲವೇ ಎಂದು. ತೋರಿಸಿದ್ದಾರೆ. 'ಶರಪಂಜರ'ದ ಕಾವೇರಿ ಮನೋರೋಗದಿಂದ ಗುಣವಾಗಿ ಬಂದರೂ, ವಿದ್ಯಾವಂತನೂ ಸಭ್ಯನೂ ಆದ ಅವಳ ಗಂಡನಿಗೆ ಅವಳನ್ನು ಗುಣವಾದವಳೆಂದು ನಂಬುವ ಧೈರ್ಯವಿಲ್ಲ. ಈ ಹೇಡಿತನದ ಚಿತ್ರ ಯಾವ ನವ್ಯ ಕಾದಂಬರಿಗೂ ಕಡಿಮೆಯದಲ್ಲ. ಅದನ್ನು ಹೆಂಗಸರು ಮಧ್ಯಾಹ್ನ ಓದುವ ಪುಸ್ತಕವೆಂದು ಕಪಾಟಿನ ಕೆಳಗಿನ ಸಾಲಿಗೆ ಹಾಕಿದವರು ವಿಮರ್ಶಕರು. ಆ ಪಾಪದಲ್ಲಿ ಅಧ್ಯಾಪಕರಿಗೂ ಪಾಲುಂಟು.

ನಮ್ಮ ಮೀಂಜ, ಮಂಜೇಶ್ವರದ ಕಡೆಯವರಿಗೆ ವಿಶೇಷವಾದ ಇನ್ನೊಂದು ಅಂಶವನ್ನು ಇಲ್ಲೇ ಹೇಳಬೇಕು. ಅಳಿಯಸಂತಾನದ ಮನೆಗಳಲ್ಲಿ ಗಂಡಸಿಗೆ ಎರಡು ಮುಖ. ತಾನು ಹುಟ್ಟಿದ ಮನೆಯಲ್ಲಿ ಅವನು ಮಾವ, ಯಜಮಾನ. ಅಕ್ಕತಂಗಿಯರ ಮಕ್ಕಳು ಅವನ ಮಾತಿಗೆ ಎದುರಾಡುವಂತಿಲ್ಲ. ಹೆಂಡತಿಯ ಮನೆಯಲ್ಲಿ ಅವನು ನೆಂಟ. ಕೈಕಾಲಿಗೆ ನೀರು, ಕುಡಿಯಲು ಎಳನೀರು, ಅಧಿಕಾರ ಮಾತ್ರ ಇಲ್ಲ. ಒಬ್ಬನೇ ವ್ಯಕ್ತಿ ಒಂದು ಗದ್ದೆಯ ಬದು ದಾಟಿದೊಡನೆ ಹುಲಿಯಿಂದ ಅತಿಥಿಯಾಗುತ್ತಿದ್ದ. ಕೇರಳದಲ್ಲಿ 1975ರ ಶಾಸನದಿಂದ ಅವಿಭಕ್ತ ಕುಟುಂಬ ಪದ್ಧತಿ ರದ್ದಾಗಿ, ಭೂಸುಧಾರಣೆಯಿಂದ ಗೇಣಿ ಹೋಗಿ, ಈ ಯಜಮಾನಿಕೆಯ ಬುಡವೇ ಸಡಿಲಿತು. ಕನ್ನಡ ಕಾದಂಬರಿಯ ಹೆಸರಾಂತ ಗಂಡಸರು ಬಹುಪಾಲು ಮಕ್ಕಳಸಂತಾನದ ತಂದೆ, ಗಂಡ, ಮಗ ಆಗಿರುವುದರಿಂದ ಈ ಮಾವನಿಗೆ ಅಲ್ಲಿ ಸ್ಥಾನ ಸಿಕ್ಕಿದ್ದು ಕಡಿಮೆ. ನಮ್ಮ ಮೀಯಪದವಿನವರೇ ಆದ ದಿವಂಗತ ಡಿ. ಕೆ. ಚೌಟರು ಗುತ್ತಿನ ಮನೆಯ ಕಥೆಯಾದ 'ಮಿತ್ತಬೈಲ್ ಯಮುನಕ್ಕೆ'ಯನ್ನು ತುಳುವಿನಲ್ಲೇ ಬರೆದರು. ಒಬ್ಬ ಹೆಂಗಸಿನ ಹೆಸರಿನಲ್ಲಿ ಮನೆಯೊಂದರ ಚರಿತ್ರೆ ನಿಲ್ಲುವುದು ಆ ವ್ಯವಸ್ಥೆಯಲ್ಲಿ ಸಹಜ. ಆದರೆ ಹೆಸರು ಹೆಂಗಸಿನದು, ಚಾವಡಿಯ ಮಾತು ಗಂಡಸಿನದು ಎಂಬುದನ್ನೂ ಬಲ್ಲವರು ಬಲ್ಲರು.

ಇನ್ನು ಶ್ರೀಮತಿ ಸಾರಾ ಅಬೂಬಕ್ಕರ್ ಅವರ 'ಚಂದ್ರಗಿರಿಯ ತೀರದಲ್ಲಿ'. 1936ರಲ್ಲಿ ಕಾಸರಗೋಡಿನಲ್ಲಿ ಹುಟ್ಟಿ, ಮನೆಯಲ್ಲಿ ಮಲಯಾಳ ಮಾತಾಡಿ, ಕನ್ನಡ ಶಾಲೆಯಲ್ಲಿ ಓದಿದ ಅವರು 2023ರಲ್ಲಿ ತೀರಿಕೊಂಡರು. ಈ ಕಾದಂಬರಿ 1980ರ ದಶಕದ ಮೊದಲಲ್ಲಿ 'ಲಂಕೇಶ್ ಪತ್ರಿಕೆ'ಯಲ್ಲಿ ಧಾರಾವಾಹಿಯಾಗಿ ಬಂದು, ಬಳಿಕ ಪುಸ್ತಕವಾಯಿತು. ಚಂದ್ರಗಿರಿ ಹೊಳೆ ಎಂದರೆ ನಮಗೆ ಮೊದಲು ನೆನಪಾಗುವುದು ಮಹಾಜನ ವರದಿ: ಆ ಹೊಳೆಯ ಬಡಗು ದಡದ ನಾಡು ಕರ್ನಾಟಕಕ್ಕೆ ಸೇರಬೇಕೆಂದು 1967ರಲ್ಲಿ ಬರೆದ ಗಡಿ. ನಾವು ಗಂಡಸರು ಆ ಹೊಳೆಯ ಹೆಸರಿನಲ್ಲಿ ಸಭೆ ಸೇರಿದ್ದೇವೆ, ಭಾಷಣ ಮಾಡಿದ್ದೇವೆ. ಸಾರಾ ಅವರ ಪುಸ್ತಕದಲ್ಲಿ ಅದೇ ಹೊಳೆ ಒಬ್ಬ ಹೆಂಡತಿಗೆ ತನ್ನ ತಾಯಿಯ ಮನೆ ಆಚೆ ದಡದಲ್ಲಿದ್ದೂ ಗಂಡನ ಅಪ್ಪಣೆಯಿಲ್ಲದೆ ದಾಟಲಾಗದ ನೀರು. ಹೀಗೂ ಒಂದು ಗಡಿ ಉಂಟೆಂಬುದು ನಮ್ಮ ಯಾವ ಠರಾವಿನಲ್ಲೂ ಬಂದಿರಲಿಲ್ಲ.

ಮಹಮ್ಮದ್ ಖಾನನು ಫಾತಿಮಾಳ ಗಂಡ, ನಾದಿರಾಳ ತಂದೆ. ಅವನು ರಾಕ್ಷಸನಲ್ಲ, ಕಾದ ಅನ್ನ ಕೇಳುವ, ಮಗಳನ್ನು ಮುದ್ದಿಸಬಲ್ಲ, ಬೇಗ ಸಿಟ್ಟಾಗುವ ಒಬ್ಬ ಸಾಮಾನ್ಯ ಗೃಹಸ್ಥ. ಲೇಖಕಿಯ ದೊಡ್ಡ ಗುಣವೇ ಇದು. ಅವನಿಗೆ ಗಂಡಸುತನವೆಂದರೆ ಒಮ್ಮೆ ಆಡಿದ ಮಾತನ್ನು ಹಿಂದಕ್ಕೆ ತೆಗೆಯದಿರುವುದು. ಹಣದ ವಿಷಯದಲ್ಲಿ ಅಳಿಯ ರಶೀದನೊಡನೆ ಮನಸ್ತಾಪ ಬಂದಾಗ, ಗಂಡನೊಡನೆ ಸುಖವಾಗಿದ್ದ ಮಗಳನ್ನು ತನ್ನ ಮನೆಗೆ ಕರೆತಂದು ಕೂರಿಸುತ್ತಾನೆ. ಆ ದಾಂಪತ್ಯ ತಲಾಖಿನಲ್ಲಿ ಮುರಿಯುವ ತನಕ ಅವನ ಹಟ ನಿಲ್ಲುವುದಿಲ್ಲ. ಗೋಪಾಲಯ್ಯನ ಮನೆಯಲ್ಲಿ ನಾವು ನೋಡದೆ ಬಿಟ್ಟ ಕೋಣೆಯ ಬಾಗಿಲನ್ನು ಇಲ್ಲಿ ತೆರೆದಿಟ್ಟಿದೆ: ತುಂಬಿದ ಅಪ್ಪನ ಪಕ್ಕದಲ್ಲಿ ಮಕ್ಕಳಿಗೆ ಎಷ್ಟು ಜಾಗ ಉಳಿಯುತ್ತದೆ? ಮಗನಾದರೆ ಮನೆ ಬಿಟ್ಟು ಹೋದಾನು. ಮಗಳು ಎಲ್ಲಿಗೆ ಹೋಗಬೇಕು?

ಮುಂದೆ ಅವನಿಗೆ ಪಶ್ಚಾತ್ತಾಪವಾಗುತ್ತದೆ. ಮಗಳನ್ನು ರಶೀದನೊಡನೆ ಮತ್ತೆ ಕೂಡಿಸಬೇಕೆಂದು ಹೊರಟಾಗ ನಿಯಮ ಅಡ್ಡ ನಿಲ್ಲುತ್ತದೆ: ಅವಳು ಇನ್ನೊಬ್ಬನನ್ನು ಮದುವೆಯಾಗಿ, ಅವನೊಡನೆ ಒಂದು ರಾತ್ರಿ ಕಳೆದು, ಅವನಿಂದ ಬಿಡುಗಡೆ ಪಡೆಯಬೇಕು. ಜೀವಮಾನವೆಲ್ಲ ಮಾತು ಬದಲಿಸದವನು ಮೊದಲ ಬಾರಿ ಮಾತನ್ನು ಹಿಂದಕ್ಕೆ ತೆಗೆಯಲು ಬಯಸಿದಾಗ ಅದು ಅವನ ಕೈಯಲ್ಲಿಲ್ಲ. ಅವನ ತಪ್ಪಿನ ತೆರಿಗೆಯನ್ನು ಕಟ್ಟಬೇಕಾದವಳು ನಾದಿರಾ. ಚೋಮನ ಸಾಲವನ್ನು ಬೆಳ್ಳಿ ತೀರಿಸಿದಂತೆಯೇ ಇದು; ವ್ಯತ್ಯಾಸವೆಂದರೆ ನಾದಿರಾ ಕಟ್ಟಲು ಒಪ್ಪದೆ ಮಸೀದಿಯ ಕೆರೆಯ ಕಡೆಗೆ ನಡೆದಳು. ಕಾರಂತರ ಪುಸ್ತಕದಲ್ಲಿ ದುಡಿಯ ಸದ್ದಿನ ಹಿಂದೆ ಮರೆಯಾದ ಲೆಕ್ಕವನ್ನು ಸಾರಾ ಅವರು ಪುಸ್ತಕದ ಮಧ್ಯದಲ್ಲೇ ಬರೆದಿಟ್ಟರು. ಇಂಗ್ಲಿಷಿನಲ್ಲಿ ಡೋರಿಸ್ ಲೆಸಿಂಗ್ ಅವರು 'ದಿ ಗೋಲ್ಡನ್ ನೋಟ್‌ಬುಕ್' (1962) ಬರೆದು, ಸಿಟ್ಟಿನ ತರುಣರ ಕಾಲದ ಗಂಡಸರನ್ನು ಹೆಂಗಸಿನ ಮೇಜಿನ ಈಚೆಯಿಂದ ನೋಡಿದರು. ಲೆಸಿಂಗರ ಕೈಯಲ್ಲಿ ಹಲವು ಬಣ್ಣದ ಟಿಪ್ಪಣಿ ಪುಸ್ತಕಗಳ ಜಟಿಲ ಕಟ್ಟಡವಿತ್ತು. ಸಾರಾ ಅವರ ಕೈಯಲ್ಲಿ ಇದ್ದದ್ದು ನೇರವಾದ ಒಂದು ಕಥೆ, ಅಷ್ಟೇನೂ ನಯಗೊಳಿಸದ ಕನ್ನಡ. ಭಾಷೆ ಅಲ್ಲಲ್ಲಿ ಒರಟು, ಸಂಭಾಷಣೆ ಕೆಲವು ಕಡೆ ವಾದಕ್ಕೆ ತಿರುಗುತ್ತದೆ ಎಂಬ ಟೀಕೆಯನ್ನು ನಾನೂ ಒಪ್ಪುತ್ತೇನೆ. ಅದರಿಂದ ನನ್ನ ವಾದಕ್ಕೆ ಬಾಧೆಯಿಲ್ಲ.

ಈ ಪುಸ್ತಕವನ್ನು ಓದಿ "ಅವರಲ್ಲಿ ಹಾಗೆ" ಎಂದು ಹೇಳಿ ಕೈತೊಳೆದುಕೊಳ್ಳುವವರು ನಮ್ಮ ನಡುವೆ ಉಂಟು. ಸ್ಟಾಫ್ ರೂಮಿನಲ್ಲಿಯೇ ಕೇಳಿದ್ದೇನೆ. ಒಮ್ಮೆಗೇ ಮೂರು ಬಾರಿ ಹೇಳುವ ತಲಾಖ್ ಸಿಂಧುವಲ್ಲವೆಂದು 2017ರಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತ ಮೇಲೆ, ಕಾದಂಬರಿಯ ಕೆಲಸ ಮುಗಿಯಿತೆಂದು ಹೇಳಿದವರೂ ಉಂಟು. ಅಂಥವರು ಪುಸ್ತಕವನ್ನು ವೃತ್ತಪತ್ರಿಕೆಯ ಹಾಗೆ ಓದಿದವರು. ಅದರಲ್ಲಿ ನಿಯಮ ಬರುವುದು ಕೊನೆಯಲ್ಲಿ. ಅದಕ್ಕಿಂತ ಬಹಳ ಮೊದಲೇ, ಊಟದ ಹೊತ್ತಿನಲ್ಲಿ, ಹಜಾರದಲ್ಲಿ, ಒಬ್ಬ ಗಂಡಸು ಗಂಟಲು ಸರಿಮಾಡಿಕೊಂಡರೆ ಮನೆಯೆಲ್ಲ ಸುಮ್ಮನಾಗುತ್ತದೆ. ಆ ಗಂಟಲಿನ ಸದ್ದನ್ನು ನಾನು ಅಳಿಯಸಂತಾನದ ಚಾವಡಿಯಲ್ಲಿ ಕೇಳಿದ್ದೇನೆ, ಅಗ್ರಹಾರದ ಜಗಲಿಯಲ್ಲಿ ಕೇಳಿದ್ದೇನೆ, ಮುಖ್ಯೋಪಾಧ್ಯಾಯರ ಕೋಣೆಯಲ್ಲಿಯೂ ಕೇಳಿದ್ದೇನೆ, ಕೊನೆಯದು ನನ್ನದೇ.

ರಶೀದನ ವಿಚಾರ ಒಂದು ಬಾಕಿ ಉಳಿಯಿತು. ಅವನು ಒಳ್ಳೆಯವನು, ಹೆಂಡತಿಯನ್ನು ಪ್ರೀತಿಸುತ್ತಾನೆ, ಗದರುವುದಿಲ್ಲ, ಅಗಲಿದ ಮೇಲೂ ಅವಳಿಗಾಗಿ ಕಾಯುತ್ತಾನೆ. ಹೊಸ ಗಂಡಸಿನ ಆದರ್ಶ ಇವನೇ ಎಂದು ಕೆಲವು ಓದುಗರಿಗೆ ಅನಿಸಬಹುದು. ಮೊದಲ ಓದಿನಲ್ಲಿ ನನಗೂ ಹಾಗೆಯೇ ಅನಿಸಿತ್ತು. ಹತ್ತನೆಯ ತರಗತಿಯ ಮಕ್ಕಳಿಗೆ ಬಿಡುವಿನ ಪಿರಿಯಡ್ಡುಗಳಲ್ಲಿ ಈ ಕಥೆಯನ್ನು ಹೇಳಿ, ಇದರಲ್ಲಿ ಯಾರು ಗಂಡಸು ಎಂದು ನಾನು ಕೇಳಿದ್ದುಂಟು. ಹುಡುಗರು ಹೆಚ್ಚಿನವರು ರಶೀದ ಎಂದರು. ಹಿಂದಿನ ಬೆಂಚಿನ ಒಬ್ಬ ಹುಡುಗಿ ಎದ್ದು, "ಸರ್, ಒಳ್ಳೆಯವನಾಗಿ ಅವನು ಏನು ಮಾಡಿದ?" ಎಂದು ಕೇಳಿದಳು. ನಾನು ಕರಿಹಲಗೆಯ ಕಡೆ ತಿರುಗಿ ಹಿಂದಿನ ಪಿರಿಯಡ್ಡಿನ ಲೆಕ್ಕವನ್ನು ಒರಸತೊಡಗಿದೆ. ಬೆಲ್ಲು ಆಗಲು ಇನ್ನೂ ಹತ್ತು ನಿಮಿಷ ಇತ್ತು.